ನಾಲ್ಕನೆಯ ಪ್ರಾಸ

ಆಗ ನಮ್ಮ ಹಾಡಿನ ಹಾಳೆಗಳಿಗೆ ಬಣ್ಣವಿತ್ತು. ತಿಳಿ ಗುಲಾಬಿ, ತಿಳಿ ಹಳದಿ, ಒಮ್ಮೊಮ್ಮೆ ಮಾಸಲು ಹಸಿರು. ಅಚ್ಚುಕೂಟದಲ್ಲಿ ಮದುವೆ ಪತ್ರಿಕೆ, ಎಣ್ಣೆ ಜಾಹೀರಾತು ಎಲ್ಲ ಮುಗಿದು ಯಾವ ಕಾಗದ ಉಳಿಯುತ್ತಿತ್ತೋ ಅದೇ ನಮ್ಮ ಪಾಲಿಗೆ. ಒಂದು ಹಾಳೆಯನ್ನು ಎಂಟು ಪುಟಕ್ಕೆ ಮಡಚಿದರೆ ನಲವತ್ತು ಪದ್ಯ ಹಿಡಿಸುತ್ತಿದ್ದವು. ಬೆಲೆ ಹತ್ತು ಸೆಂಟ್. ಗಾಲೆಯ ಬಸ್ ನಿಲ್ದಾಣ, ಮಾತರದ ರೈಲು ಸ್ಟೇಷನ್ನು, ವಾರದ ಸಂತೆ, ಹೀಗೆ ಜನ ಸೇರುವ ಕಡೆಯೆಲ್ಲ ನಿಂತು ಹಾಡಿ ಮಾರುತ್ತಿದ್ದೆವು.

ಬಸ್ಸು ಕಂದಕಕ್ಕೆ ಬಿತ್ತು ಅನ್ನಿ, ಅಣ್ಣತಮ್ಮಂದಿರು ಹೊಡೆದಾಡಿ ಸತ್ತರು ಅನ್ನಿ, ಒಲಿದವನು ಕೈಬಿಟ್ಟ ಹುಡುಗಿ ಬಾವಿಗೆ ಬಿದ್ದಳು ಅನ್ನಿ, ಮೂರನೆಯ ದಿನಕ್ಕೆ ನಮ್ಮ ಹಾಡು ಸಿದ್ಧ. ಪತ್ರಿಕೆ ಬರುತ್ತಿದ್ದದ್ದು ಚಹಾದಂಗಡಿಗೆ ಒಂದು. ಹಾಳೆ ಹೋಗುತ್ತಿದ್ದದ್ದು ಮನೆಮನೆಗೆ. ಹೆಂಗಸರು ವೀಳ್ಯದೆಲೆಯ ಜೊತೆ ಅದನ್ನೂ ಚೀಲಕ್ಕೆ ತುರುಕಿಕೊಂಡು ಹೋಗಿ, ಓದು ಬಂದವರ ಕೈಯಲ್ಲಿ ಓದಿಸಿ, ಬಾಯಿಪಾಠ ಮಾಡಿ, ಭತ್ತ ಕುಟ್ಟುವಾಗ ಹೇಳಿಕೊಂಡು ಅಳುತ್ತಿದ್ದರು. ಗುರುತಿಲ್ಲದ ಮನೆಗೆ ನೀರು ಕೇಳಲು ಹೋದರೆ ಅಡುಗೆಮನೆಯಿಂದ ನನ್ನದೇ ಪದ್ಯ ನನಗೆ ಕೇಳಿಸಿದ್ದುಂಟು. ಆ ಸುಖ ಈಗ ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲ.

ನಾನು ಓದಿದ್ದು ನಾಲ್ಕನೇ ತರಗತಿ. ಆದರೆ ಗಂಟಲಿತ್ತು, ನೆನಪಿತ್ತು. ಈ ಕಸುಬಿನ ಕಟ್ಟಳೆ ಕಠಿಣವಾದದ್ದು. ಪದ್ಯಕ್ಕೆ ನಾಲ್ಕು ಸಾಲು, ನಾಲ್ಕೂ ಸಾಲಿನ ಕೊನೆಗೆ ಒಂದೇ ಪ್ರಾಸ. ಮೂರು ಸಿಕ್ಕಿ ನಾಲ್ಕನೆಯದು ಸಿಗಲಿಲ್ಲವೋ, ಆ ಪದ್ಯ ಕಸ. ಮೊದಲ ಪದ್ಯದಲ್ಲಿ ಬುದ್ಧನಿಗೆ ಕೈಮುಗಿಯಬೇಕು. ಕೊನೆಯದರಲ್ಲಿ ಬರೆದವನು ತನ್ನ ಹೆಸರು, ಊರು ಹೇಳಬೇಕು. ತೇಮಿಸ್ ಅನ್ನುವ ನನ್ನ ಹೆಸರು ಹಾಗೆ ನಮ್ಮ ದ್ವೀಪದ ದಕ್ಷಿಣದ ಕರಾವಳಿಯಲ್ಲೆಲ್ಲ ಓಡಾಡಿತು.

ನನಗೆ ಇಪ್ಪತ್ತೇಳು ನಡೆಯುವಾಗ, ಜೂನಿನ ಪೋಸೋನ್ ಹಬ್ಬದ ಹುಣ್ಣಿಮೆಯ ದಿನ, ನಮ್ಮೂರಿಂದ ಮೇಲಕ್ಕೆ ಹೊಳೆ ದಾಟುವ ಕಡವಿನಲ್ಲಿ ದೋಣಿ ಮಗುಚಿತು. ಆಚೆ ದಡದ ವಿಹಾರಕ್ಕೆ ಹೋಗಿದ್ದವರು ಬಿಳಿ ಬಟ್ಟೆಯಲ್ಲೇ ಹಿಂದಿರುಗುತ್ತಿದ್ದರು. ಒಂಬತ್ತು ಜನ ಹೊಳೆಪಾಲಾದರು, ಹತ್ತನೆಯವನು ಅಂಬಿಗ ಸಾದಿರಿಸ್. ಮಾರನೆಯ ದಿನ ನಾನು ನೋಟ್‌ಬುಕ್ಕು ಹಿಡಿದು ಕಡವಿಗೆ ಹೋದೆ. ಹೆಣ ಇಟ್ಟ ಮನೆಗಳಿಗೆ ಹೋಗಿ, ತಾಯಂದಿರು ಏನೇನು ಹೇಳಿ ಅಳುತ್ತಾರೋ ಅದನ್ನೆಲ್ಲ ಕೇಳಿಸಿಕೊಂಡೆ. ಅಂಬಿಗನ ಮನೆಗೆ ಮಾತ್ರ ಹೋಗಲಿಲ್ಲ. ಅದು ಗುಡ್ಡದ ಮೇಲಿತ್ತು. ನನಗೆ ಅವಸರ. ಮಾತರದ ಮತ್ತೊಬ್ಬ ಹಾಡುಗಾರ ಆಗಲೇ ಹೊರಟಿದ್ದಾನೆ ಅಂತ ಸುದ್ದಿ ಬಂದಿತ್ತು.

ಕಡವಿನ ಚಹಾದಂಗಡಿಯಲ್ಲಿ ಕೂತು ಮೂವತ್ತೊಂಬತ್ತು ಪದ್ಯ ಮುಗಿಸಿದೆ. ಒಂದು ಮಾತ್ರ ಮೂರು ಸಾಲಿಗೆ ನಿಂತಿತು. ಮುಳ್ಳು ಆಗಿತ್ತು, ಟೊಳ್ಳು ಆಗಿತ್ತು, ಸುಳ್ಳು ಆಗಿತ್ತು. ನಾಲ್ಕನೆಯದಕ್ಕೆ ಒದ್ದಾಡುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಯಾರೋ ಅಂದರು, "ನಿನ್ನೆ ಸಾದಿರಿಸನ ಕಣ್ಣು ನೋಡಿದ್ಯಾ? ಕೆಂಡ, ಕೆಂಡ!" ಅಷ್ಟೇ ಸಾಕಾಯಿತು. ಪದ ತಾನಾಗಿ ಬಂದು ಕೂತಿತು.

ದಡದಲ್ಲಿ ನಿಂತವರ ಎದೆಯೊಳಗೆ ಮುಳ್ಳು
ಹಳೆಯ ದೋಣಿಯ ತಳದ ಹಲಗೆಯೇ ಟೊಳ್ಳು
ದಾಟಿಸುವೆನೆಂದವನ ಮಾತೆಲ್ಲ ಸುಳ್ಳು
ಅಂಬಿಗನ ಕಣ್ಣೊಳಗೆ ಕೆಂಪಾಗಿ ಕಳ್ಳು

ಎರಡು ಸಾವಿರ ಹಾಳೆ ನಾಲ್ಕೇ ದಿನಕ್ಕೆ ಮುಗಿದವು. ಜನ ಹಾಡಿಸಿ ಹಾಡಿಸಿ ಕೇಳಿದ್ದು ಈ ಪದ್ಯವನ್ನೇ. ಅಚ್ಚುಕೂಟದ ಯಜಮಾನ ಕಾರ್ನೇಲಿಸ್ ಮುದಲಾಳಿ ಮತ್ತೆ ಎರಡು ಸಾವಿರ ಹಾಕಿದರು. "ಲೋ ತೇಮಿಸ್, ನೀನು ಹೊಳೇನೂ ಅಳಿಸ್ತೀಯ ಕಣೋ" ಅಂದರು. ನಾನೂ ಉಬ್ಬಿದೆ.

ಮಳೆಗಾಲ ಕಳೆದಿತ್ತು. ಗಾಲೆಯ ನಿಲ್ದಾಣದಲ್ಲಿ ಒಂದು ಹೊಸ ಹಾಡು ಮುಗಿಸಿ ಹಾಳೆ ಹಂಚುತ್ತಿದ್ದಾಗ ಒಬ್ಬ ಹೆಂಗಸು ಎದುರಿಗೆ ಬಂದು ನಿಂತಳು. ನಲವತ್ತರ ಆಸುಪಾಸು, ಬಿಳಿ ರವಿಕೆ, ಬಿಳಿ ಬಟ್ಟೆ, ಕೈಯಲ್ಲಿ ಕೊಡೆ. ಜೊತೆಗೆ ಹದಿನಾರರ ಮಗಳು.

"ತೇಮಿಸ್ ಅನ್ನೋರು ನೀನೇ ಏನಪ್ಪ?"

"ಹೌದಕ್ಕ. ಯಾವ ಹಾಡು ಬೇಕು?"

"ಕಡವಿಂದು. ನಂಗೆ ಓದಕ್ಕೆ ಬರಲ್ಲ. ಆ ಕಳ್ಳಿನ ಪದ ಒಂದ್ಸಲ ಹಾಡು."

ನಾನು ಗಂಟಲು ಸರಿಮಾಡಿಕೊಂಡು ಎಳೆದು ಹಾಡಿದೆ. ಆಕೆ ಅಳಲಿಲ್ಲ. ಮಗಳು ನೆಲ ನೋಡುತ್ತಿದ್ದಳು.

"ಚೆನ್ನಾಗಿದೆ" ಅಂದಳು. "ನಾನು ಸಾದಿರಿಸನ ಹೆಂಡ್ತಿ, ಮಿಸಿನೋನಾ. ಹದಿನೆಂಟು ವರ್ಷ ಅವನಿಗೆ ಅನ್ನ ಹಾಕಿದೀನಿ. ಅವನ ಬಾಯಲ್ಲಿ ವೀಳ್ಯ ಬಿಟ್ಟು ಬೇರೆ ವಾಸನೆ ಕಂಡಿಲ್ಲ. ನೀನು ಆ ಕಳ್ಳು ಎಲ್ಲಿಂದ ತಂದೆ ತಮ್ಮ? ಯಾವ ಮರದ್ದು?"

"ಪ್ರಾಸಕ್ಕೆ ಬಂತು ಅಕ್ಕ" ಅಂದೆ.

"ಹಂಗಾದ್ರೆ ನನ್ನ ಗಂಡ ಪ್ರಾಸಕ್ಕೆ ಕುಡ್ದ ಅನ್ನು."

ಬಸ್ಸುಗಳು ಹೊರಡುತ್ತಿದ್ದವು, ಕಂಡಕ್ಟರುಗಳು ಕೂಗುತ್ತಿದ್ದರು. ಆಕೆ ದನಿ ಏರಿಸದೆ ಹೇಳಿದಳು. "ಅವನು ಸತ್ತ ಮೂರನೇ ತಿಂಗಳ ದಾನ ಮಾಡಿದೆ. ಭಿಕ್ಷುಗಳು ಬಂದ್ರು, ಉಂಡ್ರು, ಸತ್ತೋನಿಗೆ ಪುಣ್ಯ ಕೊಟ್ರು. ಪುಣ್ಯ ಕೊಟ್ಟಾಗ ಸಾಧು ಸಾಧು ಅನ್ನೋಕೆ ಅಂಗಳದಲ್ಲಿ ಜನ ಬೇಡ್ವಾ? ನಾನೂ ಇವಳೂ ಇಬ್ರೇ ಅಂದ್ವಿ. ಹನ್ನೆರಡು ಕಾಯಿ ತುರಿದು ಊರಿಗೆಲ್ಲ ಅಡುಗೆ ಮಾಡಿದ್ದೆ. ಎಲ್ಲಾ ಹೊಳೆ ಮೀನಿಗೆ ಹೋಯ್ತು. ಕುಡ್ಕನ ದಾನಕ್ಕೆ ಯಾರು ಬರ್ತಾರೆ, ಹಾಡಲ್ಲೇ ಅಚ್ಚಾಗಿದೆಯಲ್ಲ ಅಂದ್ರಂತೆ."

"ಆ ಪದ್ಯ ತೆಗೆದುಬಿಡ್ತೀನಿ ಅಕ್ಕ. ಬೇರೆ ಹಾಕಿ ಹಾಡ್ತೀನಿ."

"ನೀನು ಹಾಡಿದ್ರೆ ಏನು ಬಂತು? ನೀನು ಏನು ಬೇಕಾದ್ರೂ ಹಾಡ್ತೀಯ. ಅವನು ಕುಡೀಲಿಲ್ಲ ಅಂತ ಬೇರೆಯವರ ಬಾಯಲ್ಲಿ ಕೇಳ್ಬೇಕು ನಾನು. ವರ್ಷದ ದಾನ ಇದೆ. ಅಷ್ಟರೊಳಗೆ."

ಕೊಡೆ ಬಿಚ್ಚಿಕೊಂಡು ಹೊರಟೇಹೋದಳು.

ಅಂದಿನಿಂದ ಆ ಪದ್ಯ ಬಿಟ್ಟು ಹಾಡತೊಡಗಿದೆ. ಜನ ಬಿಡಬೇಕಲ್ಲ! ಮಾತರದಲ್ಲಿ ಒಬ್ಬ ಮುದುಕ ಕೈ ಅಡ್ಡ ಹಿಡಿದು ಕೇಳಿದ, "ಏನಯ್ಯಾ, ಕಳ್ಳಿನ ಪದ ಎಲ್ಲೋಯ್ತು? ನೀನೇ ಕುಡ್ಬಿಟ್ಯಾ?" ಗುಂಪೆಲ್ಲ ನಕ್ಕಿತು. "ಅದು ಸುಳ್ಳು ಪದ್ಯ ಅಜ್ಜ, ನಾನೇ ಬರೆದದ್ದು, ನಾನೇ ಹೇಳ್ತಿದೀನಿ" ಅಂದೆ. "ನಿಂಗೇನು ಗೊತ್ತು? ಹಾಡಲ್ಲಿ ಹಾಗೇ ಇದೆ" ಅಂತ ಅವನೇ ಎತ್ತಿ ಹಾಡಿದ. ನಾಲ್ಕು ಜನ ದನಿಗೂಡಿಸಿದರು. ನಾನು ಹಾಳೆಯ ಕಟ್ಟು ಎತ್ತಿಕೊಂಡು ಅಲ್ಲಿಂದ ಹೊರಟೆ.

ಕೊನೆಗೆ ಮೊದಲೇ ಹತ್ತಬೇಕಾಗಿದ್ದ ಗುಡ್ಡ ಹತ್ತಿದೆ. ಮಿಸಿನೋನಾ ತೆಂಗಿನ ನಾರು ಹೊಸೆಯುತ್ತ ಕೂತಿದ್ದಳು. ಕೂರು ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ನಾನೇ ಮೆಟ್ಟಿಲ ಮೇಲೆ ಕೂತೆ.

"ಆವತ್ತು ಏನಾಯ್ತು ಅಕ್ಕ?"

"ಈಗ ಕೇಳ್ತಿದ್ದೀಯ?"

"ಆಗ ಕೇಳ್ಬೇಕಿತ್ತು."

ನಾರು ಹೊಸೆಯುತ್ತಲೇ ನಿಧಾನಕ್ಕೆ ಹೇಳಿದಳು. ಸಾದಿರಿಸನಿಗೆ ಮೂರು ದಿನದಿಂದ ಜ್ವರ, ಅದಕ್ಕೇ ಕಣ್ಣು ಕೆಂಪು. ಅವತ್ತು ಕಡವಿಗೆ ಇಳಿಯಬೇಡ ಅಂದಿದ್ದಳು. ಕೊತ್ತಂಬರಿ, ಶುಂಠಿ ಕುದಿಸಿ ಕರಟದಲ್ಲಿ ಕೊಟ್ಟಿದ್ದಳು. ಅರ್ಧ ಕುಡಿದಿದ್ದ. ಅಷ್ಟರಲ್ಲಿ ಆಚೆ ದಡದಿಂದ ಕೂ ಹಾಕಿದರು. ಮಕ್ಕಳಿವೆ, ಮೋಡ ಬಂದಿದೆ, ಬಾ ಬಾ ಅಂತ ಊರಿಗೆ ಊರೇ ಕೂಗಿತು. ಬಂದು ಕುಡೀತೀನಿ ಇಡು ಅಂತ ಎದ್ದು ಹೋದ. ದೋಣಿ ಹನ್ನೆರಡು ಜನರದ್ದು. ಸಾಕು, ಇನ್ನೊಂದು ಸಲ ಬರ್ತೀನಿ ಅಂದನಂತೆ. ಯಾರೂ ಕೇಳಲಿಲ್ಲ. ಇಪ್ಪತ್ತೆರಡು ಜನ ಹತ್ತಿದರು.

ನನಗೆ ಆಗ ತಿಳಿಯಿತು, ಕಳ್ಳಿನ ಪದ್ಯ ಯಾಕೆ ಅಷ್ಟು ಬೇಗ ಬಾಯಿಗೆ ಹತ್ತಿತು ಅಂತ. ಅಂಬಿಗ ಕುಡಿದಿದ್ದ ಅಂದರೆ ಹತ್ತಿದವರ ಎದೆ ಹಗುರ, ಕೂಗಿದವರ ಎದೆಯೂ ಹಗುರ. ನಾನು ಪ್ರಾಸ ಕೊಟ್ಟಿದ್ದೆ ಅಂತ ತಿಳಿದಿದ್ದೆ. ಅವರಿಗೆ ಬೇಕಾದದ್ದನ್ನೇ ಕೊಟ್ಟಿದ್ದೆ.

"ಆ ಕರಟ ಏನು ಮಾಡಿದೆ ಅಕ್ಕ?"

"ಏಳು ದಿನ ಒಲೆ ಪಕ್ಕ ಇತ್ತು. ಆಮೇಲೆ ಇವಳು ತೊಳೆದಿಟ್ಲು." ಮಗಳ ಕಡೆ ಗದ್ದ ತೋರಿಸಿದಳು.

ಮನೆಗೆ ಬಂದು ಎರಡು ತಿಂಗಳು ಒದ್ದಾಡಿದೆ. ಅಷ್ಟು ಹೊತ್ತು ಯಾವ ಪದ್ಯಕ್ಕೂ ಹಿಡಿದಿರಲಿಲ್ಲ. ಸಿಕ್ಕ ಪ್ರಾಸ ಕೂರಿಸುವುದಲ್ಲ, ನಡೆದದ್ದಕ್ಕೆ ಪ್ರಾಸ ಹುಡುಕುವುದು. ಕೊನೆಗೆ ಹೀಗೆ ನಿಂತಿತು.

ಮೂರು ದಿನಗಳ ಜ್ವರ, ಮೈ ಬಿಸಿ ಜೋರು
ಆಚೆಯ ದಡದಿಂದ ಕೂಗಿತ್ತು ಊರು
ಏಳಬೇಡೆಂದಳು, ಕೇಳುವವರಾರು
ಒಲೆ ಪಕ್ಕ ಉಳಿಯಿತು ಕೊತ್ತಂಬರಿ ನೀರು

ಇದರ ಸುತ್ತ ಹತ್ತೊಂಬತ್ತು ಪದ್ಯ ಕಟ್ಟಿ ಕಾರ್ನೇಲಿಸ್ ಮುದಲಾಳಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಕೊನೆಯವರೆಗೆ ಓದಿದರು.

"ನಿನ್ನ ಹೆಸರಿನ ಪದ್ಯ ಎಲ್ಲೋ?"

"ಬೇಡ."

"ಹೆಸರಿಲ್ಲದ ಹಾಳೆ ಯಾರಪ್ಪ ತಗೋತಾರೆ? ತಲೆ ಇಲ್ಲದ ಮೀನು ಮಾರಕ್ಕೆ ಹೊರಟಿದ್ದೀಯ!"

"ನನ್ನ ಹೆಸರಿದ್ರೆ ಅದು ನನ್ನ ಮಾತಾಗುತ್ತೆ. ಆಕೆಗೆ ಬೇರೆಯವರ ಮಾತು ಬೇಕು."

"ಹುಚ್ಚ" ಅಂದರು. ಆದರೂ ಹಾಕಿಕೊಟ್ಟರು, ಸಾವಿರ ಹಾಳೆ, ಮಾಸಲು ಹಸಿರು.

ಅವರು ಹೇಳಿದ ಹಾಗೇ ಆಯಿತು. ಕಳ್ಳಿಲ್ಲದ ಅಂಬಿಗ ಯಾರಿಗೂ ಬೇಡವಾದ. ಮೂರು ವಾರಕ್ಕೆ ಎಪ್ಪತ್ತು ಹಾಳೆಯೂ ಹೋಗಲಿಲ್ಲ. ಹೊತ್ತು ಹೊತ್ತು ಹೆಗಲು ನೋಯಿತು. ವರ್ಷದ ದಾನಕ್ಕೆ ಎರಡು ತಿಂಗಳಿತ್ತು. ಒಂದು ದಿನ ಬೇಸತ್ತು, ಕಡವಿನ ಹತ್ತಿರದ ದಿನಸಿ ಅಂಗಡಿಗೆ ಅರ್ಧ ಕಟ್ಟನ್ನು ರದ್ದಿಗೆ ಹಾಕಿಬಿಟ್ಟೆ.

ತಿರುಗುವಷ್ಟರಲ್ಲಿ ಒಬ್ಬ ತಾಯಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಳು. ಮಗುವಿಗೆ ಮೂಗು ಸೋರುತ್ತಿತ್ತು. "ಹತ್ತು ಸೆಂಟ್ ಕೊತ್ತಂಬರಿ ಕೊಡಿ ಮುದಲಾಳಿ, ಇವನಿಗೆ ಮೈ ಬೆಚ್ಚಗಿದೆ." ಅಂಗಡಿಯವನು ನನ್ನ ಹಸಿರು ಹಾಳೆ ಒಂದನ್ನು ಎಳೆದು, ಪೊಟ್ಟಣ ಸುತ್ತಿ, ಕೊತ್ತಂಬರಿ ಸುರಿದು, ಬಾಯಿ ಮಡಚಿ ಕೊಟ್ಟ. ಆ ತಾಯಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ನಾನು ನೋಡುತ್ತಲೇ ನಿಂತೆ.

"ಮುದಲಾಳಿ, ಈ ಹಾಳೇಲಿ ಕೊತ್ತಂಬರಿ ಮಾತ್ರ ಕಟ್ಟಿ."

"ಯಾಕೆ? ಮೆಣಸಿನಕಾಯಿ ಕಟ್ಟಿದ್ರೆ ನಿನ್ನ ಹಾಡಿಗೆ ಖಾರ ಆಗುತ್ತಾ?"

"ದಮ್ಮಯ್ಯ ಅಂತೀನಿ. ರದ್ದಿ ಕಾಸೂ ಬೇಡ."

ಉಳಿದ ಕಟ್ಟನ್ನು ಎರಡೂ ದಡದ ಅಂಗಡಿಗಳಿಗೆ ಹಂಚಿದೆ. ಎಲ್ಲ ಕಡೆ ಅದೇ ಮಾತು, ಕೊತ್ತಂಬರಿಗೆ ಮಾತ್ರ. ಎಲ್ಲ ಕಡೆ ಅದೇ ನಗು. ಅದು ನೆಗಡಿ, ಜ್ವರದ ಕಾಲ. ಕೊತ್ತಂಬರಿ ಕುದಿಸದ ಒಲೆ ಇರಲಿಲ್ಲ.

ಆಮೇಲೆ ಏನಾಯಿತೋ ನನಗೆ ಗೊತ್ತಾಗಲಿಲ್ಲ. ಹಾಡು ಬಸ್ ನಿಲ್ದಾಣದಲ್ಲಿದ್ದರೆ ನನಗೆ ಕೇಳಿಸುತ್ತಿತ್ತು. ಒಲೆಯ ಮುಂದೆ ಹೋದದ್ದು ಕೇಳಿಸುವುದು ಹೇಗೆ?

ವರ್ಷದ ದಾನದ ದಿನ ಬೆಳಿಗ್ಗೆ ಬಿಳಿ ಸರೋಂಗು ಉಟ್ಟು ಗುಡ್ಡ ಹತ್ತಿದೆ. ಯಾರೂ ಇಲ್ಲದಿದ್ದರೆ ಸಾಧು ಅನ್ನಲು ಮೂರನೆಯವನು ನಾನಾದರೂ ಇರಲಿ ಅಂತ. ಬೇಲಿಯ ಹತ್ತಿರ ಬಂದಾಗ ಕಾಲು ನಿಂತಿತು. ಅಂಗಳದಲ್ಲಿ ಚಾಪೆ ಹಾಸಿತ್ತು. ಚಾಪೆಯ ಮೇಲೆ ಜನ ಇದ್ದರು. ತುಂಬಿ ತುಳುಕುತ್ತಿರಲಿಲ್ಲ. ಹೊಳೆಯಲ್ಲಿ ಸತ್ತವರ ಒಂಬತ್ತು ಮನೆಗಳಲ್ಲಿ ಐದು ಮನೆಯವರು. ಮಗಳನ್ನು ಹೊಳೆಗೆ ಕೊಟ್ಟ ತಾಯಿಯೊಬ್ಬಳು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಭಿಕ್ಷುಗಳು ಪುಣ್ಯ ಕೊಟ್ಟಾಗ ಎದ್ದ ಸಾಧು, ಸಾಧು ದನಿ ಕೆಳಗಿನ ಹೊಳೆಯವರೆಗೂ ಹೋಗಿರಬೇಕು.

ಊಟದ ಎಲೆ ಎತ್ತಿದ ಮೇಲೆ ಮಿಸಿನೋನಾ ಬೇಲಿಯ ಹತ್ತಿರ ಬಂದಳು.

"ಒಳಗೆ ಬರ್ಬಾರ್ದಾ?"

"ಇಲ್ಲೇ ಸರಿ ಅಕ್ಕ."

"ಹೋದ ತಿಂಗಳು ಹೊಳೇಲಿ ಬಟ್ಟೆ ಒಗೀತಿದ್ದೆ" ಅಂದಳು. "ಆಚೆ ದಡದಲ್ಲಿ ಯಾರೋ ಒಬ್ಬಳು ಮಗೂಗೆ ಕೊತ್ತಂಬರಿ ನೀರು ಕುಡಿಸ್ತಿದ್ಲು. ಅದು ಬೇಡ ಅಂತ ಒದೀತಿತ್ತು. ಅವಳು ನಿನ್ನ ಪದ ಹೇಳಿ, ಪೂರ್ತಿ ಕುಡಿ ಕಂದ, ಪಾಪ ಆ ಅಂಬಿಗನ ಥರ ಅರ್ಧ ಬಿಡ್ಬೇಡ ಅಂದ್ಲು. ಪಾಪ ಅಂದ್ಲು. ಅವಳು ಯಾರೋ ಏನೋ, ನಂಗೆ ಗುರ್ತಿಲ್ಲ."

ಹಳೆಯ ಪದ್ಯ ಸತ್ತಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಬಾರದ ನಾಲ್ಕು ಮನೆಗಳಲ್ಲಿ ಅದು ಇತ್ತು. ಮಾತರದಲ್ಲಿ ಮುದುಕರ ಬಾಯಲ್ಲಿ ಎಷ್ಟೋ ವರ್ಷ ಇತ್ತು. ಕಡವಿಗೆ ಸೇತುವೆ ಬಂದು, ಬಣ್ಣದ ಹಾಳೆ ಹೋಗಿ, ಕಾರ್ನೇಲಿಸ್ ಮುದಲಾಳಿಯೂ ಹೋದ ಮೇಲೂ ಒಂದೆರಡು ಸಲ ನನ್ನ ಕಿವಿಗೆ ಬಿದ್ದಿದೆ.

ಆಕೆ ಒಳಗೆ ಹೋಗಿ ಒಂದು ಕರಟ ಹಿಡಿದು ಬಂದಳು. ಅಂಚು ಸವೆದು ನುಣುಪಾಗಿತ್ತು. ಒಳಗಿನಿಂದ ಬಿಸಿ ಹಬೆ, ಕೊತ್ತಂಬರಿ, ಶುಂಠಿಯ ವಾಸನೆ.

"ನಂಗೆ ಜ್ವರ ಇಲ್ಲ ಅಕ್ಕ."

"ಗೊತ್ತು. ಕುಡಿ."

ಬೇಲಿಯ ಈಚೆ ನಿಂತೇ ಕುಡಿದೆ. ಬಿಸಿ ಇತ್ತು, ನಾಲಗೆ ಚುರ್ರೆಂದಿತು. ಆಕೆ ಮುಗಿಯುವವರೆಗೂ ಎದುರಿಗೆ ನಿಂತು ನೋಡಿದಳು. ಆಮೇಲೆ ಕೈ ನೀಡಿ ಬರಿ ಕರಟವನ್ನು ಇಸಿದುಕೊಂಡಳು.