ಸೋತ ದಿನ ಮಾತಿಲ್ಲ

"ನಮ್ಮ ಹುಡುಗಿ ಎಲ್ಲಮ್ಮಾ?" ಎಂದು ಅಜ್ಜಿ ಕೇಳಿದಾಗ ತಂಡಕ್ಕೆ ಆಟ ಕಲಿಸುವ ಸೀಟಿ ಅಕ್ಕ, ಪಂದ್ಯ ಮುಗಿಸಿ ಬಂದ ವ್ಯಾನಿನಿಂದ ಬಾಲುಗಳ ಚೀಲವನ್ನು ಇಳಿಸುತ್ತಿದ್ದಳು. ಶಾಲೆಯ ಗೇಟಿನ ಮುಂದೆ ಅಪ್ಪ ಅಮ್ಮಂದಿರು ತಮ್ಮ ತಮ್ಮ ಮಕ್ಕಳ ಬ್ಯಾಗು ಹೊತ್ತು ಆಗಲೇ ಹೊರಟಿದ್ದರು. ಅಜ್ಜಿ ಮಾತ್ರ ವ್ಯಾನಿನೊಳಗೆ ತಲೆ ತೂರಿಸಿ, ಮೊಮ್ಮಗಳು ಯಾವ ಸೀಟಿನ ಮೇಲಾದರೂ ನಿದ್ದೆ ಹೋಗಿದ್ದಾಳೋ ಎಂದು ಹುಡುಕುತ್ತಿದ್ದಳು.

"ಇಳಿದಿರ್ತಾಳೆ ಅಜ್ಜಿ, ಅಲ್ಲೇ ಎಲ್ಲೋ ಇದ್ದಾಳು ನೋಡಿ," ಎನ್ನುತ್ತ ಸೀಟಿ ಅಕ್ಕ ಗುಂಪಿನತ್ತ ತಿರುಗಿದಳು. ಅಜ್ಜಿಯ ಮೊಮ್ಮಗಳು ಕುಳ್ಳಿ ಅಲ್ಲಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡದಲ್ಲೇ ಗಿಡ್ಡ ಹುಡುಗಿಯಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಕುಳ್ಳಿ. ಉದ್ದನೆಯ ಹುಡುಗಿಯರ ಕಂಕುಳಡಿ ನುಸುಳಿ ಬಾಲು ಕಸಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಕ್ಯಾಪ್ಟನ್ ಹುಡುಗಿ ಅಪ್ಪನ ಸ್ಕೂಟರ್ ಹತ್ತಿಯಾಗಿತ್ತು. ಸೀಟಿ ಅಕ್ಕ ಓಡಿಹೋಗಿ ಅಡ್ಡ ನಿಂತಳು.

"ಕುಳ್ಳಿ ಎಲ್ಲೇ?"

ಹುಡುಗಿ ಅಪ್ಪನ ಬೆನ್ನು ನೋಡಿದಳು, ನೆಲ ನೋಡಿದಳು. "ಅವಳು ವ್ಯಾನು ಹತ್ತಲೇ ಇಲ್ಲ ಅಕ್ಕ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಸೋತಿದ್ವಲ್ಲ. ಸೋತ ದಿನ ಮಾತಿಲ್ಲ ಅಂತ ನೀವೇ..."

ಆ ನಿಯಮ ಸೀಟಿ ಅಕ್ಕನದೇ. ಔಷಧಿ ಅಂಗಡಿಯಲ್ಲಿ ಕೆಲಸ ಮುಗಿಸಿ, ಸಂಜೆ ಕೊರಳಿಗೆ ಸೀಟಿ ಹಾಕಿಕೊಂಡು ಈ ಮಕ್ಕಳಿಗೆ ಆಟ ಕಲಿಸಲು ಬರುತ್ತಿದ್ದವಳು ಅವಳು. ಮೊದಮೊದಲು ಸೋತು ಬರುವಾಗ ವ್ಯಾನಿನಲ್ಲಿ 'ನಿನ್ನಿಂದ ಸೋತಿದ್ದು, ನಿನ್ನಿಂದ ಸೋತಿದ್ದು' ಎಂದು ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಿದ್ದರು. ಅದಕ್ಕೆ ಕಟ್ಟಪ್ಪಣೆ ಮಾಡಿದಳು: ಸೋತರೆ, ಆಟ ಮುಗಿದ ಗಳಿಗೆಯಿಂದ ಮನೆ ಮುಟ್ಟುವವರೆಗೆ ಒಂದು ಮಾತಿಲ್ಲ, ಒಂದು ಅಳುವಿಲ್ಲ. ಬೇರೆ ಶಾಲೆಯವರು ಅದನ್ನು ಕಂಡು ಮೆಚ್ಚಿದಾಗ ಒಳಗೊಳಗೇ ಹಿಗ್ಗಿದ್ದಳು ಕೂಡ. ಇವತ್ತಿನ ಪಂದ್ಯ ಕೊನೆ ಗಳಿಗೆಯಲ್ಲಿ ಕೈ ತಪ್ಪಿತ್ತು. ಕುಳ್ಳಿಗೆ ಸಿಕ್ಕ ಎರಡು ಫ್ರೀ ಥ್ರೋಗಳಲ್ಲಿ ಒಂದಾದರೂ ಬುಟ್ಟಿಗೆ ಬಿದ್ದಿದ್ದರೆ ಆಟ ಸಮವಾಗುತ್ತಿತ್ತು. ವಾಪಸು ಬರುವಾಗ ಸಿಟ್ಟಿಗೆ ಸೀಟಿ ಅಕ್ಕ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತವಳು ಹಿಂದೆ ತಿರುಗಿ ಯಾರ ಮುಖವನ್ನೂ ನೋಡಿರಲಿಲ್ಲ.

"ನಂಗೂ ಅನ್ನಿಸ್ತು ಮೇಡಂ, ಹಿಂದೆ ಒಂದು ಸೀಟು ಖಾಲಿ ಇದೆ ಅಂತ," ಎಂದ ಡ್ರೈವರ್. ಬಾಯಿ ಮುಚ್ಚಿ ಕೂತರೆ ಹೊಟ್ಟೆ ಉಬ್ಬುವಂಥ ಮನುಷ್ಯ ಅವನು. "ಬಾಯಿ ತೆಗೆದ್ರೆ ನೀವು ಬೈತೀರಿ ಅಂತ ಸುಮ್ಮನಾದೆ."

ಸೀಟಿ ಅಕ್ಕ ವ್ಯಾನು ತಿರುಗಿಸಲು ಹೇಳಿದಳು. ಅಜ್ಜಿ ಯಾರನ್ನೂ ಕೇಳದೆ ಹತ್ತಿ ಕೂತಳು.

ಒಳಾಂಗಣ ಕ್ರೀಡಾಂಗಣವಿದ್ದದ್ದು ಊರಾಚೆ, ಹೆದ್ದಾರಿಯ ಪಕ್ಕದಲ್ಲಿ. ಅಲ್ಲಿನ ಆಫೀಸಿನ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಕತ್ತಲಾಗುತ್ತಿತ್ತು. ಎದುರಿನಿಂದ ಬರುವ ಲಾರಿಗಳ ದೀಪ ಕಣ್ಣಿಗೆ ಹೊಡೆದಾಗಲೆಲ್ಲ ಸೀಟಿ ಅಕ್ಕ ಕೈ ಅಡ್ಡ ಹಿಡಿದು ರಸ್ತೆ ಬದಿ ನೋಡುತ್ತಿದ್ದಳು. ಹುಡುಗಿ ನಡೆದೇ ಹೊರಟಿದ್ದರೆ? ಯಾರದೋ ಗಾಡಿಗೆ ಕೈ ಮಾಡಿದ್ದರೆ? ರಸ್ತೆ ಬದಿಯಲ್ಲಿ ಗಿಡ್ಡದಾಗಿ ಏನು ಕಂಡರೂ "ನಿಲ್ಲಿಸಿ, ನಿಲ್ಲಿಸಿ" ಎನ್ನುತ್ತಿದ್ದಳು. ಒಂದು ಸಲ ಅದು ಮೈಲಿಗಲ್ಲು, ಇನ್ನೊಂದು ಸಲ ಕಸದ ಡಬ್ಬ. ಇಷ್ಟು ಹೆದರಿಕೆ ಅವಳಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

"ಅಜ್ಜಿ, ತಪ್ಪು ನಂದೇ," ಎಂದಳು ತಡೆಯಲಾರದೆ.

"ಅದನ್ನ ಆಮೇಲೆ ನೋಡೋಣ," ಎಂದಳು ಅಜ್ಜಿ. "ಈಗ ರಸ್ತೆ ನೋಡು."

ಕ್ರೀಡಾಂಗಣದ ದೀಪಗಳೆಲ್ಲ ಆರಿದ್ದವು. ವಾಚ್‌ಮನ್ ತನ್ನ ಗೂಡಿನಲ್ಲಿ ಕೂತು ಊಟ ಮಾಡುತ್ತಿದ್ದ. ವಿಷಯ ಕೇಳಿ ಎಂಜಲು ಕೈಯಲ್ಲೇ ಎದ್ದು ನಿಂತ.

"ಒಳಗೆ ಯಾರೂ ಇಲ್ಲಮ್ಮ. ಬೀಗ ಹಾಕೋ ಮುಂಚೆ ಯಾರಾದ್ರೂ ಇದ್ದೀರಾ ಅಂತ ಗಂಟಲು ಹರಿಯೋ ಹಾಗೆ ಕೂಗಿದೀನಿ. ಇದ್ದಿದ್ರೆ ಓಗೊಡ್ತಿರಲಿಲ್ವಾ?"

ಒಳಗಿಲ್ಲ ಎಂದರೆ ಹೊರಗೆ. ಹೊರಗೆ ಎಂದರೆ ಆ ಹೆದ್ದಾರಿ. ಪೊಲೀಸರಿಗೆ ಫೋನು ಮಾಡಬೇಕೆಂದು ಸೀಟಿ ಅಕ್ಕ ಮೊಬೈಲು ತೆಗೆದಳು. ಅಷ್ಟರಲ್ಲಿ ಅಜ್ಜಿ ವಾಚ್‌ಮನ್ನನ ಮುಂದೆ ಹೋಗಿ ನಿಂತಿದ್ದಳು.

"ಬೀಗ ತೆಗಿಯಪ್ಪ. ಅವಳು ಓಗೊಡೋಳಲ್ಲ. ಈ ಅಕ್ಕ ಹೇಳಿದ್ದು ಅವಳಿಗೆ ವೇದವಾಕ್ಯ."

ಬಾಗಿಲು ಕಿರ್ರೆಂದು ತೆರೆಯಿತು. ವಾಚ್‌ಮನ್ ಗೋಡೆ ತಡವಿ ಒಂದು ಸ್ವಿಚ್ಚು ಒತ್ತಿದ. ದೂರದ ಮೂಲೆಯ ದೀಪ ಮಿಣುಕಿ ಮಿಣುಕಿ ಹತ್ತಿತು. ಖಾಲಿ ಅಂಕಣ, ಎರಡು ತುದಿಯಲ್ಲೂ ಅಲುಗದೆ ಇಳಿಬಿದ್ದ ಬಲೆ, ಮೂರು ಕಡೆ ಗ್ಯಾಲರಿಯ ಮೆಟ್ಟಿಲು.

"ಕುಳ್ಳೀ," ಎಂದು ಕೂಗಿದಳು ಸೀಟಿ ಅಕ್ಕ. ಹಾಲ್ ಅವಳ ದನಿಯನ್ನೇ ಅವಳಿಗೆ ಒಪ್ಪಿಸಿತು. ಬಟ್ಟೆ ಬದಲಿಸುವ ಕೋಣೆ, ಕಕ್ಕಸಿನ ಬಾಗಿಲುಗಳು, ಬಾಲಿಡುವ ಕಪಾಟಿನ ಹಿಂದೆ, ಎಲ್ಲ ಕಡೆ ನೋಡಿ ಬಂದಳು. ಎಲ್ಲೂ ಇಲ್ಲ. ಅಂಕಣದ ನಡುವೆ ನಿಂತು ಮತ್ತೆ ಕುಳ್ಳಿಯ ಹೆಸರು ಕೂಗಿದಳು.

"ಹೆಸರು ಹಿಡಿದು ಕರೆದ್ರೆ ಆಗಲ್ಲಮ್ಮ," ಎಂದಳು ಅಜ್ಜಿ ಬಾಗಿಲಿನಿಂದ. "ಮಾತಾಡು ಅಂತ ಹೇಳು. ನೀನು ಹೇಳ್ಬೇಕು."

ಸೀಟಿ ಅಕ್ಕ ಗ್ಯಾಲರಿಯತ್ತ ತಿರುಗಿದಳು. "ಮಾತಾಡೇ ಮಗಳೇ," ಎಂದಳು. "ಇನ್ನು ಮೇಲೆ ಆ ನಿಯಮ ಇಲ್ಲ. ಎರಡು ಬಾಲು ಹೋದ್ರೆ ಹೋಯ್ತು. ನಾನು ಸಿಟ್ಟಲ್ಲಿ ನಿನ್ನ ನೋಡಲೇ ಇಲ್ಲ, ಬಿಟ್ಟು ಹೋಗ್ಬಿಟ್ಟೆ. ಎಲ್ಲಿದೀಯ ಹೇಳೇ, ನಂಗೆ ತುಂಬಾ ಭಯ ಆಗ್ತಿದೆ."

ಮೊದಲು ಏನೂ ಕೇಳಲಿಲ್ಲ. ಆಮೇಲೆ ಎಡಗಡೆ ಗ್ಯಾಲರಿಯ ಅಡಿಯಿಂದ, ಬೂಟು ಹಲಗೆಗೆ ತಾಗಿದಂಥ ಒಂದು ಸಣ್ಣ ಸದ್ದು.

ಸೀಟಿ ಅಕ್ಕ ಮೊಣಕಾಲೂರಿ ಮೆಟ್ಟಿಲ ಕೆಳಗೆ ತೆವಳಿದಳು. ಧೂಳು, ಚಾಕಲೇಟಿನ ಕಾಗದ, ಯಾರದೋ ಹಳೇ ಕಾಲುಚೀಲ. ಅದರಾಚೆ, ದೊಡ್ಡವರು ಹೋಗಲಾರದ ಸಂದಿಯಲ್ಲಿ ಕುಳ್ಳಿ ಮುದುಡಿ ಕೂತಿದ್ದಳು. ಕಣ್ಣು ಬಿಟ್ಟೇ ಇದ್ದಳು. ಅಳು ಹೊರಬರದ ಹಾಗೆ ಜೆರ್ಸಿಯ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು. ಬಟ್ಟೆ ಎದೆಯವರೆಗೂ ಒದ್ದೆಯಾಗಿತ್ತು.

ಸೀಟಿ ಅಕ್ಕ ಕೈ ಚಾಚಿ ಮೆಲ್ಲಗೆ ಆ ಬಟ್ಟೆಯನ್ನು ಎಳೆದಳು. ಸ್ವಲ್ಪ ಸ್ವಲ್ಪವೇ ಹೊರಗೆ ಬಂತು. ಪೂರ್ತಿ ಬಂದ ಮೇಲೂ ಹುಡುಗಿ ಒಂದು ಕ್ಷಣ ಬಾಯಿ ತೆರೆದುಕೊಂಡು ಅವಳ ಮುಖವನ್ನೇ ನೋಡಿದಳು. ಆಮೇಲೆ ಅತ್ತಳು. ಆ ಅಳು ಮೆಟ್ಟಿಲ ಸಂದುಗಳಿಂದ ಹೊರಟು ಹಾಲ್ ತುಂಬ ಹರಡಿತು. ಅಜ್ಜಿ ಅಂಕಣದ ಗೆರೆಯ ಮೇಲೆ ಕೂತುಬಿಟ್ಟಳು, ವಾಚ್‌ಮನ್ ಕೀಲಿಗೊಂಚಲು ಹಿಡಿದು ನಿಂತೇ ಇದ್ದ. ಯಾರೂ ಸುಮ್ಮನಿರು ಎನ್ನಲಿಲ್ಲ.