ನಲವತ್ತು ಪುಸ್ತಕ, ಮೂರು ಸಭೆ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ದಂತ ಚಿಕಿತ್ಸಾಲಯದಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದ ಅಗಾತಾಳಿಗೆ ಹೇಸಿಗೆ ಹೊಸದಲ್ಲ. ಹುಳುಕು ಹಲ್ಲು, ಕೀವು, ರಕ್ತದ ಉಗುಳು ಎಲ್ಲವನ್ನೂ ಕಂಡವಳು, ಕಂಡು ಕೈ ತೊಳೆದು ಮಧ್ಯಾಹ್ನದ ಊಟ ಮಾಡಿದವಳು. ಆ ಭಾನುವಾರ ಹತ್ತಿದ ಹೇಸಿಗೆ ಮಾತ್ರ ಎಷ್ಟು ಸಾಬೂನು ಹಚ್ಚಿದರೂ ಹೋಗಲಿಲ್ಲ.

ಶುರುವಾದದ್ದು ಒಳ್ಳೆಯ ಕೆಲಸವಾಗಿಯೇ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಕೆಳಗಿನ ಹಾಲಿನಲ್ಲಿ ಶನಿವಾರ ಶನಿವಾರ ಅವಳು ಮಕ್ಕಳಿಗೆ ಕನ್ನಡ ಓದಲು ಕಲಿಸುತ್ತಿದ್ದಳು. ನಲವತ್ತು ಮಕ್ಕಳು. ವರ್ಷ ಕಳೆಯುವಷ್ಟರಲ್ಲಿ ಕೂಡಿಸಿ ಕೂಡಿಸಿ ಓದತೊಡಗಿದರು, ಆದರೆ ಓದಲು ಮನೆಯಲ್ಲಿ ಒಂದು ಕಥೆಪುಸ್ತಕವೂ ಇರಲಿಲ್ಲ. ಊರಿಗೆ ರಜೆಯಲ್ಲಿ ಹೋದವರು ಮರಳುವಾಗ ಮತ್ತೊಬ್ಬರ ಪಾರ್ಸೆಲ್ ತರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ರೂಢಿ. ಯಾರದೋ ಮದ್ದು, ಯಾರದೋ ಕುಚ್ಚಲಕ್ಕಿ. ಹಾಗೆಯೇ ಒಬ್ಬೊಬ್ಬರು ಎರಡೆರಡು ಕಿಲೋ ಮಕ್ಕಳ ಪುಸ್ತಕ ತಂದರೆ ಪ್ರತಿ ಮಗುವಿಗೂ ಒಂದು ಪುಸ್ತಕ ಉಚಿತವಾಗಿ ಕೊಡಬಹುದಲ್ಲ ಎಂದು ಅವಳು ಲೆಕ್ಕ ಹಾಕಿದಳು. ಅಲ್ಲಿನ ಕನ್ನಡ ಸಂಘದ ಅಧ್ಯಕ್ಷ ಶಾಮಸುಂದರ ಕೇಳಿದ್ದೇ ತಡ, ಯೋಜನೆಯನ್ನು ತನ್ನದೇ ಮಾಡಿಕೊಂಡ. ಅಬುಧಾಬಿಯಲ್ಲಿ ಎರಡು ಕಡೆ, ದುಬೈಯ ಅಲ್ ನಹ್ದಾದಲ್ಲಿ ಒಂದು ಕಡೆ, ಒಟ್ಟು ನೂರಿಪ್ಪತ್ತು ಮಕ್ಕಳಿಗೆ ಪುಸ್ತಕದಾನ ಎಂದು ಪೋಸ್ಟರು ಬಂತು. ಅದರಲ್ಲಿ ಪುಸ್ತಕದ ಚಿತ್ರಕ್ಕಿಂತ ಅವನ ಮುಖ ದೊಡ್ಡದಿತ್ತು.

ಊರಲ್ಲಿ ಪುಸ್ತಕ ಕೈಗೆ ತೆಗೆದುಕೊಂಡವರು ಹದಿನೆಂಟು ಮಂದಿ. ಮಂಗಳೂರು ವಿಮಾನ ನಿಲ್ದಾಣದ ತೂಕದ ಯಂತ್ರ ಒಂದೆರಡು ಕಿಲೋ ಹೆಚ್ಚು ತೋರಿಸಿದ ಕೂಡಲೇ ಹೆಚ್ಚಿನವರ ಕೈ ಪೆಟ್ಟಿಗೆಯೊಳಗೆ ಹೋದದ್ದು ಪುಸ್ತಕದ ಕಟ್ಟಿಗೇ. ಹಲಸಿನ ಹಪ್ಪಳ ಉಳಿಯಿತು, ಉಪ್ಪಿನಕಾಯಿ ಉಳಿಯಿತು, ಪುಸ್ತಕ ಮಾತ್ರ, ನಿಲ್ದಾಣಕ್ಕೆ ಬಿಡಲು ಬಂದವರ ಕಾರಿನಲ್ಲಿ ಮನೆಗೆ ವಾಪಸ್ಸು ಹೋಯಿತು. ಬೇರೆಯವರನ್ನು ಯಾಕೆ ಅನ್ನಬೇಕು, ಅವಳ ಗಂಡ ಹರ್ಬರ್ಟನೇ ಒಣ ಸಿಗಡಿ ಉಳಿಸಿಕೊಂಡು ಪುಸ್ತಕ ಬಿಟ್ಟು ಬಂದ. ಆ ಸಿಗಡಿಯ ಚಟ್ನಿಯನ್ನು ಅವಳು ನಾಲಿಗೆಗೆ ಮುಟ್ಟಿಸಲಿಲ್ಲ. ಹದಿನೆಂಟು ಮಂದಿಯಿಂದ ಕೊನೆಗೂ ಬಂದು ತಲುಪಿದ್ದು ನಲವತ್ತೇ ಪುಸ್ತಕ.

ಇರಲಿ, ಮೊದಲು ನಿಮ್ಮ ಮಕ್ಕಳಿಗೆ ಕೊಟ್ಟುಬಿಡುವ, ಉಳಿದವರಿಗೆ ಮುಂದಿನ ಕಂತು ಬಂದಾಗ ನೋಡುವ ಎಂದು ಶಾಮಸುಂದರ ಹೇಳಿದ. ಅವಳು ನಂಬಿದಳು. ಮೂರು ಸಂಜೆ ಕೂತು ನಲವತ್ತು ಪುಸ್ತಕಗಳ ಮೊದಲ ಪುಟದಲ್ಲಿ ನಲವತ್ತು ಮಕ್ಕಳ ಹೆಸರನ್ನು ದುಂಡಗೆ ಬರೆದಳು. ಮೊಸಳೆಯ ಚಿತ್ರವಿದ್ದದ್ದನ್ನು ಸಬೀನಳಿಗೆಂದು ಆರಿಸಿಟ್ಟಳು. ಸಬೀನ ಎಂಟು ವರ್ಷದ ಹುಡುಗಿ, ಗ್ರಾಸರಿಯ ವ್ಯಾನು ಓಡಿಸುವ ಹಂಝನ ಮಗಳು. ಓದಲು ಏನೂ ಸಿಗದೆ ಹಪ್ಪಳದ ಕಟ್ಟಿನ ಮೇಲಿನ ಅಕ್ಷರ, ಊರಿನ ಕ್ಯಾಲೆಂಡರಿನ ಹಿಂಬದಿಯ ಜಾಹೀರಾತು ಎಲ್ಲವನ್ನೂ ಓದಿ ಮುಗಿಸಿದ್ದಳು. ಪುಸ್ತಕ ಸಿಗುತ್ತದೆ ಎಂದು ಗೊತ್ತಾದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ದಿನಕ್ಕೆ ರಿಟರ್ನ್ ಮಾಡಬೇಕು ಎಂದು.

"ನಿಂದೇ ಅದು, ಮಗಾ. ಹಿಂದೆ ಕೊಡ್ಲಿಕ್ಕೇ ಇಲ್ಲ," ಎಂದು ಅಗಾತಾ ಮಾತು ಕೊಟ್ಟಿದ್ದಳು.

ಭಾನುವಾರ ಬೆಳಗ್ಗೆ ಹತ್ತಕ್ಕೆ ವಿಲ್ಲಾದ ಹಾಲಿನಲ್ಲೇ ಮೊದಲ ಸಭೆ. ಮುಖ್ಯ ಅತಿಥಿ, ಸಿಮೆಂಟು ಇಟ್ಟಿಗೆ ವ್ಯಾಪಾರಿ ಧರ್ಮಪಾಲ, ಬಂದದ್ದು ಹನ್ನೊಂದೂವರೆಗೆ. ಅಷ್ಟು ಹೊತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿಟ್ಟರು. ಒಬ್ಬೊಬ್ಬರೇ ವೇದಿಕೆ ಹತ್ತಿ, ಅತಿಥಿಯ ಕೈಯಿಂದ ತೆಗೆದುಕೊಂಡ ಪುಸ್ತಕವನ್ನು ಗಲ್ಲದ ಕೆಳಗೆ ಹಿಡಿದು, ಮುಖಪುಟ ಎದುರಿಗೆ ಕಾಣುವಂತೆ ನಿಂತು ನಗಬೇಕು. ಫೋಟೋದಲ್ಲಿ ಧರ್ಮಪಾಲ ಕಣ್ಣು ಮಿಟುಕಿಸಿದರೆ ಮತ್ತೊಮ್ಮೆ. ಹಾಳೆ ತೆರೆಯಲು ಹೋದ ಮಗುವಿನ ಕೈಯನ್ನು ಶಾಮಸುಂದರ ಮೆಲ್ಲಗೆ ಹಿಡಿದು ಮುಚ್ಚಿಸುತ್ತಿದ್ದ, ಮುದುರಿದರೆ ಚಂದ ಕಾಣುವುದಿಲ್ಲವಂತೆ. ಕೊಟ್ಟವನ ಹೊಟ್ಟೆ ಕೊಟ್ಟ ಪುಸ್ತಕಕ್ಕೆ ಅಡ್ಡ ಬರುವಂಥ ಫೋಟೋಗಳು ಒಂದರ ಮೇಲೊಂದು ಆಗುವುದನ್ನು ನೋಡುತ್ತಲೇ ಅಗಾತಾ ಮುಂದಿನ ಮಗುವಿನ ಪುಸ್ತಕ ಹುಡುಕಿ ಕೊಡುತ್ತಿದ್ದಳು. ಪುಸ್ತಕವಂತೂ ಮಕ್ಕಳಿಗೆ ಸಿಕ್ಕಿತಲ್ಲ ಎಂಬುದೇ ಅವಳ ಸಮಾಧಾನ.

ಅತಿಥಿಯ ಕಾರು ಹೊರಟ ಮೇಲೆ ಶಾಮಸುಂದರ ಒಂದು ಸೂಪರ್ ಮಾರ್ಕೆಟ್ ಟ್ರಾಲಿ ತಳ್ಳಿಕೊಂಡು ಬಂದ. ಇವತ್ತು ಸಂಜೆ ಎಲೆಕ್ಟ್ರಾ ಸ್ಟ್ರೀಟಿನ ಹಾಲಿನಲ್ಲಿ, ನಾಳೆ ಸಂಜೆ ಅಲ್ ನಹ್ದಾದಲ್ಲಿ ಸಭೆ. ಪೋಸ್ಟರು ಹೋಗಿ ಆಗಿದೆ, ಅತಿಥಿಗಳೂ ಒಪ್ಪಿದ್ದಾರೆ, ಇರುವ ನಲವತ್ತರಲ್ಲೇ ಮೂರೂ ಸಭೆ ಸುಧಾರಿಸಬೇಕು ಎಂದ.

"ಮಕ್ಕಳು ನಿಮ್ಮ ಮಾತು ಕೇಳ್ತಾರೆ ಅಗಾತಾ ಬಾಯಿ, ನೀವೇ ಒಟ್ಟು ಮಾಡಿ. ಎರಡು ದಿವಸಕ್ಕೆ ಮಾತ್ರ ಮಾರಾಯ್ರೆ, ಮತ್ತೆ ಇವರಿಗೇ ಕೊಡುವ."

ಆಗುವುದಿಲ್ಲ ಎನ್ನಬೇಕಿತ್ತು. ಎರಡು ದಿನ ತಾನೇ ಎಂದುಕೊಂಡು ಅವಳು ಬಾಗಿಲಲ್ಲಿ ಹೋಗಿ ನಿಂತಳು. ಮಕ್ಕಳು ಒಬ್ಬೊಬ್ಬರಾಗಿ ಪುಸ್ತಕವನ್ನು ಟ್ರಾಲಿಗೆ ಹಾಕಿದರು. ಕೆಲವರು ಥ್ಯಾಂಕ್ಯೂ ಆಂಟಿ ಅಂದದ್ದು ಅವಳ ಕೆನ್ನೆಗೆ ಹೊಡೆದಂತಾಯಿತು. ಸಬೀನ ಅಳಲೂ ಇಲ್ಲ, ಯಾಕೆಂದು ಕೇಳಲೂ ಇಲ್ಲ.

"ಇಟ್ಸ್ ಓಕೆ ಆಂಟಿ," ಎಂದು ಅಗಾತಾಳನ್ನೇ ಸಮಾಧಾನ ಮಾಡಿ, ಮೊಸಳೆಯ ಮೂತಿ ಮಡಚದಂತೆ ನೇರವಾಗಿ ಇಟ್ಟು ಹೋದಳು.

ಟ್ರಾಲಿಯನ್ನು ಪಾರ್ಕಿಂಗಿಗೆ ತಂದಾಗ ಶಾಮಸುಂದರ ಬ್ಯಾಗಿನಿಂದ ಒಂದು ಕಟ್ಟು ಸ್ಟಿಕ್ಕರು ತೆಗೆದ. ಪ್ರಾಯೋಜಕರ ಹೆಸರು, ಸಂಘದ ಹೆಸರು, ಅಧ್ಯಕ್ಷರ ಹೆಸರು. ಅಂಗೈಯಗಲದ ಆ ಸ್ಟಿಕ್ಕರನ್ನು ಮೊದಲ ಪುಟದಲ್ಲಿ, ಮಗುವಿನ ಹೆಸರಿನ ಸರಿಯಾಗಿ ಮೇಲೆಯೇ ಒತ್ತತೊಡಗಿದ. ಹೆಸರು ಮುಚ್ಚಿದರೆ ಮತ್ತೆ ಯಾವ ಪುಸ್ತಕ ಯಾರದೆಂದು ಹೇಗೆ ತಿಳಿಯುವುದು ಎಂದು ಅವಳು ಕೇಳಿದಳು.

"ಇಲ್ಲಿಯವರ ಫೋಟೋ ಆಯ್ತಲ್ಲ ಬಾಯಿ. ಇನ್ನು ಇದು ಸಂಘದಲ್ಲೇ ಇರ್ಲಿ. ಬರುವ ವರ್ಷಕ್ಕೂ ಆಗ್ತದೆ," ಎಂದ, ಸ್ಟಿಕ್ಕರಿನ ಅಂಚನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತ.

ಅಗಾತಾ ಆ ಹೆಬ್ಬೆರಳನ್ನು ನೋಡಿದಳು. ಎಷ್ಟು ಚೊಕ್ಕ ಕೆಲಸ. ಸ್ಟಿಕ್ಕರು ಒಂದು ದಿನದಲ್ಲಿ ಅಚ್ಚಾಗುವುದಿಲ್ಲ; ತಾನು ಮನೆಯಲ್ಲಿ ಹೆಸರು ಬರೆಯುತ್ತಿದ್ದಾಗಲೇ ಈ ಮನುಷ್ಯ ಅದನ್ನು ಮುಚ್ಚುವ ತಯಾರಿ ಮಾಡಿಟ್ಟಿದ್ದ. ಅವನ ಮೇಲೆ ಉಗುಳಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ ಬಾಗಿಲಲ್ಲಿ ನಿಂತು ಮಕ್ಕಳ ಕೈಯಿಂದ ಕಿತ್ತುಕೊಂಡ ತನ್ನ ಮೇಲೆ ಅಸಹ್ಯ ಹುಟ್ಟಿತು. ಅವನ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡು, ಟ್ರಾಲಿಯನ್ನು ತನ್ನ ಕಾರಿನ ತನಕ ತಳ್ಳಿ, ನಲವತ್ತನ್ನೂ ಡಿಕ್ಕಿಗೆ ತುಂಬಿದಳು. ಅವನು ಹಿಂದೆಯೇ ಓಡಿಬಂದು ಸಂಜೆಯ ಸಭೆಗೆ ತಾನು ಏನು ಹಂಚಲಿ, ಸಂಘದ ಮರ್ಯಾದೆ ಏನಾಗಬೇಕು ಎಂದು ಗೋಗರೆದ.

"ಹಪ್ಪಳ ಹಂಚಿ ಶಾಮಣ್ಣ. ಅದು ಬೇಕಾದಷ್ಟು ಬಂದುಂಟು," ಎಂದು ಅವಳು ಗಾಡಿ ತೆಗೆದಳು.

ಸಬೀನಳ ಮನೆ ಮೂರು ಬೀದಿ ಆಚೆ, ವಿಲ್ಲಾವೊಂದರ ಹಿತ್ತಲಿನ ಒಂಟಿ ಕೋಣೆ. ಅವಳ ತಾಯಿ ನಫೀಸ ಬಾಗಿಲು ತೆರೆದು, ಗಾಬರಿಯಿಂದ ನೆಲದ ಮೇಲಿದ್ದ ಬಟ್ಟೆಗಳನ್ನು ಬಾಚಿ ಮಂಚದ ಕೆಳಗೆ ತಳ್ಳಿದಳು. ಅಗಾತಾ ತಪ್ಪಾಯಿತು ಎಂದಳು. ಯಾರಿಗೂ ಹಿಂದೆ ಕೊಡಬೇಕಾಗಿಲ್ಲ, ಇದು ಸಬೀನಳದ್ದೇ ಎಂದಳು. ಮೊಸಳೆಯ ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟು, ಇನ್ನೇನು ಪುಟ ತೆರೆಯುತ್ತಾಳೆ ಎಂದು ಕಾದಳು.

ಸಬೀನ ತೆರೆಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಹಣೆಯ ಮೇಲಿನ ಕೂದಲನ್ನು ಒಂದು ಕೈಯಿಂದ ಸರಿಪಡಿಸಿಕೊಂಡಳು. ನಫೀಸ ತಾನು ಫೋಟೋದಲ್ಲಿ ಬರಬಾರದೆಂದು ಬದಿಗೆ ಸರಿದಳು. ಹುಡುಗಿ ಪುಸ್ತಕವನ್ನು ಗಲ್ಲದ ಕೆಳಗೆ ಎತ್ತಿ ಹಿಡಿದು, ಅಗಾತಾಳ ಖಾಲಿ ಕೈಗಳನ್ನೇ ನೋಡುತ್ತ, ವೇದಿಕೆಯ ಮೇಲೆ ನಕ್ಕಷ್ಟೇ ನಕ್ಕಳು. ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಆಮೇಲೆ ಪುಸ್ತಕವನ್ನು ಎರಡೂ ಕೈಯಿಂದ ಅಗಾತಾಳ ಕಡೆಗೆ ಹಿಂದಕ್ಕೆ ಚಾಚಿದಳು.

"ಖಲಾಸ್, ಆಂಟಿ?"