ಹೊಳೆಯದ ಪಂಪು

ಹಿತ್ತಾಳೆಯ ಮೇಲೆ ಬಿದ್ದ ಬಿಸಿಲು ಹಾರಿ ಬಂದು ಕಣ್ಣಿಗೆ ಚುಚ್ಚುತ್ತಿದೆ, ಮಾವನವರು ಆ ಉದ್ದನೆಯ ಸೈಕಲ್ ಪಂಪನ್ನು ಎರಡೂ ಅಂಗೈಗಳ ಮೇಲೆ ಮಲಗಿಸಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ, ಮಧುಗಿರಿಯ ನಮ್ಮ ಜವಳಿ ಅಂಗಡಿಯಲ್ಲಿ ಮದುವೆ ಮನೆಯವರಿಗೆ ರೇಷ್ಮೆ ಸೆರಗು ಬಿಚ್ಚಿ ತೋರಿಸುವಾಗಲೂ ಹೀಗೇ, ಬೆಳಕಿಗೆ ಒಡ್ಡಿ, ತಲೆ ಒಂದಿಷ್ಟು ವಾಲಿಸಿ, ನೋಡು ಸರ್ವೂ ಹೆಂಗೆ ಹೊಳೀತೈತೆ, ಇದೇ ಇರ್ಲಿ ಬುಡು — ಹೊಳೆಯುತ್ತದೆ ನಿಜ, ಆದರೆ ಉದ್ದ, ಕಣ್ಣಳತೆಯಲ್ಲೇ ಗೊತ್ತಾಗುತ್ತದೆ, ನನ್ನ ತೋರುಬೆರಳಿಗೆ ಸುತ್ತಿಕೊಂಡು ಬಂದಿರುವ ದಾರ ಅದಕ್ಕಿಂತ ಗಿಡ್ಡ, ನಿನ್ನೆ ಸಂಜೆ ಸೈಕಲ್ಲಿನ ಎರಡು ಗೂಟಗಳ ನಡುವೆ ಬಿಗಿಯಾಗಿ ಹಿಡಿದು ಕತ್ತರಿಸಿಕೊಂಡ ದಾರ, ಮಾವನವರು ಗೇಣು ಹಾಕಿ ಅಳೆದರು, ನಾನು ದಾರ ಹಿಡಿದೆ, ಜೀವಮಾನವೆಲ್ಲ ಗಜಕೋಲು ಹಿಡಿದ ಕೈ, ಅವರ ಗೇಣನ್ನು ನಂಬದಿದ್ದರೆ ಬೇಜಾರಾಗುತ್ತದೆ ಅಂತ ದಾರವನ್ನು ಸೆರಗಿನ ತುದಿಯಲ್ಲಿ ಬಚ್ಚಿಟ್ಟುಕೊಂಡೆ, ಈಗ ಬೆರಳಿಗೆ ಬಂದಿದೆ, ದಸ್ತಗೀರ್ ಸಾಬರು ನೋಡಿ ನಗುತ್ತಿದ್ದಾರೆ, ಶಿರಾ ಪೇಟೆಯಲ್ಲಿ ಇವರ ಅಂಗಡಿಯಲ್ಲಿ ಸಿಕ್ಕದ ಸೈಕಲ್ ಸಾಮಾನು ಇಲ್ಲವಂತೆ, ಅದಕ್ಕೇ ಬೆಳಗಿನ ಸರ್ವಿಸ್ ಮೋಟಾರು ಬಸ್ಸಿನ ನೆತ್ತಿಯ ಮೇಲೆ ಕಡಲೆಕಾಯಿ ಮೂಟೆಗಳ ನಡುವೆ ಸೈಕಲ್ ಕಟ್ಟಿಸಿಕೊಂಡು ಮಾವ ಸೊಸೆ ಇಲ್ಲಿಯವರೆಗೂ ಬಂದದ್ದು, ಆ ದಾರ ಇಲ್ಲಿ ಕೊಡಿ ಅಮ್ಮಾ, ದಾರ ಝೂಟ್ ಹೇಳಲ್ಲ, ಅನ್ನುತ್ತಾರೆ, ಮಾವನವರು ಕೇಳಿಸದವರ ಹಾಗೆ ಪಂಪಿನ ಪಿಡಿ ಎಳೆದು ಒತ್ತಿದರು, ಗಾಳಿ ನನ್ನ ಮುಂಗೂದಲಿಗೆ ತಾಗಿತು, ನಕ್ಕುಬಿಟ್ಟೆ.

ಗಾಡಿಯ ತಪ್ಪೂ ಅಲ್ಲ, ಪಂಪಿನ ತಪ್ಪೂ ಅಲ್ಲ, ಲಂಗ ತೊಡುವ ಬಿಳಿ ಹೆಂಗಸರಿಗೆಂದು ಮಾಡಿದ ಗಾಡಿ ಇದು, ಗಂಡಸರ ಸೈಕಲ್ಲಿನಂತೆ ಅಡ್ಡಕ್ಕೆ ನೇರ ಕೊಳವೆ ಇಲ್ಲ, ಮುಂದಿನದೆಲ್ಲ ಬಾತುಕೋಳಿ ಕತ್ತಿನಂತೆ ಬಾಗಿಕೊಂಡು ಇಳಿಯುತ್ತದೆ, ಸೀಟಿನ ಕೆಳಗಿನ ಕೊಳವೆಯೊಂದೇ ನೆಟ್ಟಗಿರುವುದು, ಅದರ ಮೇಲೆ ಎರಡು ಗೂಟ, ಅವುಗಳ ನಡುವೆ ಪಂಪು ಕೂರಬೇಕು, ಮಿಷನ್ ಡಾಕ್ಟರಮ್ಮ ತನ್ನ ದೇಶಕ್ಕೆ ಹೊರಡುವಾಗ, ಮಹಾರಾಜರ ಬೆಳ್ಳಿಹಬ್ಬದ ವರ್ಷ, ನನ್ನ ಕೈಗೆ ಕೊಟ್ಟು ಹೋದಳು, ಆಗಲೇ ಹಳೆಯದು, ಆದರೂ ಹಕ್ಕಿಯ ಹಾಗೆ ಓಡುತ್ತದೆ, ಜೊತೆಗಿದ್ದ ಪಂಪು ಒಂದು ಬೇಸಿಗೆಯಲ್ಲಿ ಸೀಳಿತು, ಆಮೇಲೆ ತಂದದ್ದೆಲ್ಲ ಗಂಡಸರ ಗಾಡಿಯ ಪಂಪೇ — ಹರಕು ಸೀರೆಯ ಅಂಚಿನಿಂದ ಕಟ್ಟಿಕೊಂಡು ತಿರುಗಿದೆ, ಕಟ್ಟಿದ್ದು ಎಷ್ಟು ದಿನ ನಿಂತೀತು, ಗಾಡಿ ಕಲಿತ ದಿನಗಳಲ್ಲಿ ಮಧುಗಿರಿಯ ಕೋಟೆ ಬಯಲಿನಲ್ಲಿ ಮುಂಜಾನೆ ಯಾರೂ ಏಳುವ ಮುಂಚೆ ಮಾವನವರು ಪಂಚೆ ಎತ್ತಿ ಕಟ್ಟಿ ಸೀಟು ಹಿಡಿದು ಹಿಂದೆ ಓಡುತ್ತಿದ್ದರು, ಬೆಟ್ಟದ ಬಂಡೆಯ ಮೇಲೆ ಬೆಳಕು ಇಳಿಯುವ ಹೊತ್ತು, ಕೈ ಬುಟ್ಟಿಲ್ಲ ಕಣಮ್ಮ ತುಳಿ, ತುಳಿ, ಅನ್ನುವ ಅವರ ದನಿ ದೂರವಾಗುತ್ತಾ ಹೋಯಿತು, ತಿರುಗಿ ನೋಡಿದರೆ ಎಲ್ಲೋ ಹಿಂದೆ ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಂತಿದ್ದಾರೆ, ವಿಭೂತಿಯೆಲ್ಲ ಬೆವರಿಗೆ ಇಳಿದಿದೆ, ನಗುತ್ತಿದ್ದಾರೆ, ಆ ನಗು — ಅವರ ಮಗ, ನನ್ನ ಗಂಡ ನಾಗಲಿಂಗಯ್ಯ ಜ್ವರಕ್ಕೆ ಹೋದ ಮೇಲೆ ಆ ಮನೆಯಲ್ಲಿ ಮೊದಲ ಸಲ ಕಂಡ ನಗು, ಮದುವೆಯ ಅರಿಸಿನ ಒಣಗುವ ಮುಂಚೆ ಹೋದವರು ಅವರು, ಮುಖ ಕೂಡ ಈಗ ಪೂರ್ತಿ ನೆನಪಾಗುವುದಿಲ್ಲ, ಸೊಸೆಯನ್ನು ತವರಿಗೆ ಕಳಿಸು ಪರ್ವತಯ್ಯ ಅಂದರು ನಂಟರು, ಮಗ ಹೋದ, ಮಗಳನ್ನೂ ಯಾಕ್ರಯ್ಯ ಕಳಿಸ್ಲಿ, ಅಂದರಂತೆ ಇವರು, ಕಳಿಸಿದ್ದು ಬೆಂಗಳೂರಿಗೆ, ಹೆರಿಗೆ ಆಸ್ಪತ್ರೆಗೆ, ಸೂಲಗಿತ್ತಿ ಕೆಲಸ ಕಲಿಯಲಿಕ್ಕೆ, ಹಿಂತಿರುಗಿದಾಗ ಡಿಸ್ಟ್ರಿಕ್ಟ್ ಬೋರ್ಡಿನ ಮಿಡ್‌ವೈಫ್ ಅಂತ ಬಾಗಿಲಿಗೆ ಹಲಗೆ ಬಡಿದದ್ದೂ ಇವರೇ.

ಅಯ್ಯೋ, ಪಟ್ಟಿ ಹಾಕಿ ಕೂರಿಸೋಣ ಅಂತ ಮಾವನವರು ಸಾಬರಿಗೆ ಹೇಳುತ್ತಿದ್ದಾರೆ, ಕೊಳವೆಗೆ ತಗಡಿನ ಪಟ್ಟಿ, ಅದರ ಮೇಲೆ ಹಿತ್ತಾಳೆ ಪಂಪು, ಬಾಗಿದ ಕೊಳವೆಯ ಮೇಲೆ ಪಟ್ಟಿ ಜಾರುತ್ತದೆ ಮಾವಯ್ಯ, ಜಾರಾಕಿಲ್ಲ ಬುಡಮ್ಮ ಬಿಗಿಯಾಗಿ ತಿರುಗಿಸ್ತಾರೆ — ತಿರುಗಿಸಿದರು, ಕೂತಿತು, ಹೌದು, ನೋಡಲಿಕ್ಕೆ ಚಂದ, ಗಾಡಿಗೆ ಸೊಂಟದ ಪಟ್ಟಿ ಕಟ್ಟಿದ ಹಾಗೆ, ನಾನು ಸೈಕಲ್ ತಳ್ಳಿಕೊಂಡು ಹೋಗಿ ಅಂಗಡಿಯ ಮುಂದಿನ ಕಲ್ಲು ಮೆಟ್ಟಿಲ ಮೇಲಿಂದ ದಡಕ್ಕನೆ ಇಳಿಸಿದೆ, ಠಣ್, ಪಂಪು ಚರಂಡಿಯ ಅಂಚಿಗೆ ಉರುಳಿತು, ಮಾವನವರು ಎದುರಿನ ಮಸೀದಿಯ ಪಾರಿವಾಳಗಳನ್ನು ನೋಡತೊಡಗಿದರು, ಹೋದ ವರ್ಷ ಈ ಠಣ್ ಸದ್ದು ಕೇಳಿಸಿರಲಿಲ್ಲ, ಬಡವನಹಳ್ಳಿ ದಾರಿಯಲ್ಲಿ ಪಂಪು ಎಲ್ಲಿ ಬಿತ್ತೋ, ಗಾಳಿ ಇಳಿದು ಚಕ್ರ ಕೂತಾಗ ಕೈ ಹಾಕಿದರೆ ಬರಿಯ ಸೀರೆಯಂಚು ನೇತಾಡುತ್ತಿತ್ತು, ಗಾಡಿ ತಳ್ಳಿಕೊಂಡು ನಡೆದೆ, ಓಡಿದೆ, ನಡೆದೆ, ಹೆರಿಗೆಗೆ ಕರೆಸಿದ್ದ ನರಸಿಂಹಮ್ಮನ ಮನೆಗೆ ನಾನು ಹೋಗಿ ಸೇರುವಷ್ಟರಲ್ಲಿ ಮಗು ಹುಟ್ಟಿ, ಅಳದೆ, ಬಿಳಿ ಬಟ್ಟೆಯೊಳಗೆ ಮಲಗಿತ್ತು, ಅವಳು ಗೋಡೆಯ ಕಡೆ ತಿರುಗಿಕೊಂಡಿದ್ದಳು, ಅವಳ ಅತ್ತೆ ಓಬಕ್ಕ ನನಗೆ ಕಾಲಿಗೆ ನೀರು ಕೊಟ್ಟು, ನೀವೇನ್ ಮಾಡೀರಿ ಕಣಮ್ಮ, ದೂರ ದಾರಿ, ಅಂದಳು, ಬೈದಿದ್ದರೆ ಹಗುರಾಗುತ್ತಿತ್ತು, ಈಗ ನರಸಿಂಹಮ್ಮನಿಗೆ ಮತ್ತೆ ದಿನ ತುಂಬಿದೆ, ಈ ವಾರ ಅಥವಾ ಬರುವ ವಾರ, ಹೋದ ಸಂತೆಯಲ್ಲಿ ನನ್ನ ಕೈ ಹಿಡಿದುಕೊಂಡು, ಈ ಸಲ ನೀವು ಬತ್ತೀರಲ್ವಾ ಅಮ್ಮ, ಅಂದಳು, ಬರುತ್ತೇನೆ ಅಂದೆ, ಮನೆಗೆ ಹೋಗುವ ದಾರಿಯಲ್ಲೇ ಅವಳ ಊರು, ಇವತ್ತು ಹೊಕ್ಕು ನೋಡಿಯೇ ಹೋಗುವುದು, ಹೆರಿಗೆ ಚೀಲ ಹಿಂದಿನ ಕ್ಯಾರಿಯರಿನಲ್ಲೇ ಇದೆ.

ಸಾಬರು ಒಳಗಿಂದ ಮತ್ತೊಂದು ತಂದರು, ಗಿಡ್ಡ, ತಗಡಿನದು, ಗೂಟದ ನಡುವೆ ಕೂತು ಗಿಲಕಿಯ ಹಾಗೆ ಲಟಲಟ ಆಡಿತು, ಬೇಡ, ಇನ್ನೊಂದು ಹಿಡಿದು ಒತ್ತಿದರೆ ಗಾಳಿಯೇ ಇಲ್ಲ, ಒಳಗಿನ ತೊಗಲಿನ ಬಿಲ್ಲೆ ಒಣಗಿ ಹೋಗಿದೆ, ಬೇಡ, ಆಮೇಲೆ ಹಳೆಯ ಸಾಮಾನಿನ ಡಬ್ಬದ ತಳದಿಂದ ಕಪ್ಪಗಿನದೊಂದು ಹೊರಬಂತು, ಬಣ್ಣ ಎದ್ದಿದೆ, ಮರದ ಪಿಡಿ, ಯಾವಳೋ ದೊರೆಸಾನಿಯ ಗಾಡಿಯದಂತೆ, ಪಿಡಿಯ ಒಳಗೆ ಸ್ಪ್ರಿಂಗು, ದಾರ ಹಿಡಿದೆ, ಒಂದು ಕೂದಲೆಳೆ ಉದ್ದ, ಒತ್ತಿ ಗಿಡ್ಡ ಮಾಡಿ ಗೂಟಕ್ಕೆ ಸಿಕ್ಕಿಸಿ ಕೈ ಬಿಟ್ಟೆ, ಟಕ್, ಕೂತುಬಿಟ್ಟಿತು, ತಾಯಿ ಸೊಂಟದ ಮೇಲೆ ಮಗು ಕಾಲು ಹಾಕಿ ಕೂತ ಹಾಗೆ, ಮೆಟ್ಟಿಲಿಂದ ಇಳಿಸಿದೆ, ಅಲುಗಲಿಲ್ಲ, ಹತ್ತಿಸಿ ಮತ್ತೆ ಇಳಿಸಿದೆ, ಅಲುಗಲಿಲ್ಲ, ಇದಕ್ಕೆ ಹೊಸ ತೊಗಲು ಹಾಕಿ ಕೊಡ್ತೀನಿ ಅಮ್ಮಾ, ಪಕ್ಕಾ ಮಾಲ್, ಅಂದರು ಸಾಬರು, ಮಾವನವರ ಮುಖ ಮಾತ್ರ ಇಳಿದಿದೆ, ಹಿತ್ತಾಳೆಯದನ್ನು ಇನ್ನೂ ಹೆಗಲವಸ್ತ್ರದಿಂದ ಒರೆಸುತ್ತಿದ್ದಾರೆ, ಈ ಕರಿ ಕೋಲು ಯಾಕಮ್ಮ, ನಿಂದು ಅಂತ ಹೊಳೆಯೋದು ಒಂದಾದ್ರೂ ಇರ್ಲಿ ಅಂತಿದ್ದೆ, ಬಳೆ ಇಲ್ಲ ಬೆಂಡೋಲೆ ಇಲ್ಲ, ಗಾಡಿ ಮೇಲಾದ್ರೂ ಒಂದು ಹೊಳೀಲಿ ಅಂತ — ಅಂದುಬಿಟ್ಟು ತಾವೇ ಗಾಬರಿಯಾಗಿ ಮತ್ತೆ ಪಾರಿವಾಳಗಳ ಕಡೆ ತಿರುಗಿದರು, ಓ, ಇದಕ್ಕಾ, ಬೆಳಗಿನಿಂದ ಬರೀ ಹೊಳಪು ಹೊಳಪು ಅಂದದ್ದು ಇದಕ್ಕಾ, ಅಂಗಡಿಯಲ್ಲಿ ಊರ ಹೆಂಗಸರಿಗೆಲ್ಲ ಜರಿ ಬಿಚ್ಚಿ ತೋರಿಸಿ ಸಂಜೆ ಮನೆಗೆ ಬಂದು ನನ್ನ ಬರಿಗೈ ನೋಡುತ್ತಾ ಇಷ್ಟು ವರ್ಷ — ಮಾವಯ್ಯ, ನನ್ನನ್ನು ಹೊಗಳಿಕೊಂಡು ಊರೂರು ತಿರುಗುವ ನೀವೇ ನನಗೆ ರಾತ್ರಿ ಕತ್ತಲಲ್ಲೂ ಹೊಳೀತೀರಿ ಬುಡಿ, ಅಂದೆ, ಎಷ್ಟೋ ದಿನದ ಮೇಲೆ ಇಂಥ ಮಾತು ಆಡಿದ್ದೆ, ಅವರು ಕಣ್ಣು ಕಿರಿದು ಮಾಡಿ ನೋಡಿದರು, ಮೂಗು ಒರೆಸಿಕೊಂಡರು, ಕೊಡಪ್ಪ ಸಾಬ, ಆ ಕರೀದನ್ನೇ ಕೊಡು, ಇವಳು ಹೇಳಿದ್ ಮೇಲೆ ಮುಗೀತು, ನಾನು ಮೋಟಾರಲ್ಲಿ ಮುಂದೆ ಹೋಗಿ ಬಡವನಹಳ್ಳೀಲಿ ಇಳ್ಕಂಡಿರ್ತೀನಿ.

ಗಾಳಿ ಎದುರಿಗಿಲ್ಲ, ಬೆನ್ನಿಗಿದೆ, ಇಂಥ ದಾರಿ ವರ್ಷಕ್ಕೆ ಎಲ್ಲೋ ಕೆಲವು ಸಲ ಸಿಗುತ್ತದೆ, ಹುಣಸೆ ಮರಗಳ ನೆರಳು ಬಂದು ಬಂದು ಮಡಿಲ ಮೇಲೆ ಹಾದು ಹೋಗುತ್ತಿದೆ, ಕಡಲೆಕಾಯಿ ಕೀಳುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡುತ್ತಾರೆ, ಸೂಲಗಿತ್ತಮ್ಮೋ ಎತ್ಲಾಗೆ, ಅನ್ನುತ್ತಾರೆ, ಇತ್ಲಾಗೇ, ಅನ್ನುತ್ತೇನೆ, ನಗುತ್ತಾರೆ, ಕಾಲ ಪಕ್ಕದಲ್ಲಿ ಪಂಪು ಸದ್ದಿಲ್ಲದೆ ಕೂತಿದೆ, ಆಗಾಗ ಬಗ್ಗಿ ಮುಟ್ಟಿ ನೋಡುತ್ತೇನೆ, ಇದೆ, ಇದೆ — ಆಗಲೇ ಹಿಂದಿನ ಚಕ್ರ ಮೆತ್ತಗಾಯಿತು, ರಸ್ತೆ ಸೀಟಿನೊಳಗೆ ಬಡಿಯಿತು, ಇಳಿದೆ, ಜಾಲಿ ಮುಳ್ಳು, ಬೆರಳುದ್ದದ್ದು, ಹೋದ ವರ್ಷ ಹೀಗೆಯೇ ಇಳಿದಾಗ ಎದೆ ಹೊಡೆದುಕೊಂಡಿತ್ತು, ಇವತ್ತು ಕೈ ತಾನೇ ಕೆಲಸ ಮಾಡುತ್ತಿದೆ, ಟೂಬು ಹೊರಗೆಳೆದು ಕೆನ್ನೆಯ ಹತ್ತಿರ ತಿರುಗಿಸುತ್ತೇನೆ, ನೀರಿಲ್ಲದ ಕಡೆ ಕೆನ್ನೆಯೇ ಸಾಕು, ತೂತಿನ ಗಾಳಿ ತಣ್ಣಗೆ ತಾಗುತ್ತದೆ, ಇಲ್ಲಿ, ತಿಕ್ಕಿ, ರಬ್ಬರ್ ತುಂಡು ಅಂಟಿಸಿ, ಒತ್ತಿ ಹಿಡಿದು, ಪಂಪು ಗೂಟದಿಂದ ಬಿಡಿಸಿ — ಹೊಸ ತೊಗಲು, ಒತ್ತಿದಷ್ಟೂ ಗಾಳಿ, ಹೆಬ್ಬೆರಳ ಕೆಳಗೆ ಚಕ್ರ ಗಟ್ಟಿಯಾಗುತ್ತಿದೆ, ಹಾಡು ಹೇಳಬೇಕು ಅನ್ನಿಸುತ್ತದೆ, ಧೂಳಿನಲ್ಲಿ ಯಾರೋ ಓಡಿ ಬರುತ್ತಿದ್ದಾರೆ, ಬೋರಪ್ಪ, ನರಸಿಂಹಮ್ಮನ ಗಂಡ, ಮೈಮೇಲೆ ಅಂಗಿಯಿಲ್ಲ, ಅಮ್ಮೋ, ಪರ್ವತಯ್ಯನೋರು ಮೋಟಾರಿಂದ ಇಳಿದು ನೀವು ಹಿಂದೆ ಬತ್ತಾ ಇದೀರಿ ಅಂದ್ರು, ಬೆಳಗ್ಗಿಂದ ನೋವು, ಈಗ, ಈಗ ಕಾಲು ಬಂದ್ಬುಟ್ಟೈತಂತೆ ಅಮ್ಮ, ತಲೆ ಅಲ್ಲ, ಕಾಲು, ಕಾಲು ಕಾಣಿಸ್ತೈತೆ ಅಂತಾಳೆ ನಮ್ಮವ್ವ — ಎಳೀಬೇಡಿ ಅಂತ ಹೇಳು, ನಾನು ಬರೋವರೆಗೂ ಯಾರೂ ಮುಟ್ಟಬಾರದು, ಅನ್ನುತ್ತೇನೆ, ಅವನಿಗೆ ಹೇಳಿ ಏನು ಪ್ರಯೋಜನ, ಅವನು ಕಾಲ ಮೇಲೆ, ನಾನು ಚಕ್ರದ ಮೇಲೆ, ಟಕ್, ಪಂಪು ಸಿಕ್ಕಿಸಿದೆ, ಹತ್ತಿದೆ, ನೀನು ಹಿಂದೆ ಬಾ ಬೋರಪ್ಪ.

ಒಂದು ಕಾಲು, ದೀಪದ ಬೆಳಕಿನಲ್ಲಿ, ಮೊಣಕಾಲವರೆಗೂ ಹೊರಗೆ, ನೀಲಿ ತಿರುಗಿದೆ, ಪುಟ್ಟ ಹಿಮ್ಮಡಿ, ಹೊರಗೆ ಉರಿಬಿಸಿಲು, ಒಳಗೆ ಕಿಟಕಿಯಿಲ್ಲದ ಕೋಣೆ, ಕೈಗೆ ಔಷಧಿ ನೀರು ಸುರಿದುಕೊಂಡೆ, ಎಳೀರಮ್ಮ, ಎಳೀರಿ, ಅನ್ನುತ್ತಿದ್ದಾಳೆ ಓಬಕ್ಕ, ಎಳೀಬಾರದು ಓಬಕ್ಕ, ಅದಾಗಿಯೇ ಬರಬೇಕು, ಬಟ್ಟೆ ಬಿಸಿ ಮಾಡಿಕೊಡು, ನರಸಿಂಹಮ್ಮ ನನ್ನನ್ನೇ ನೋಡುತ್ತಿದ್ದಾಳೆ, ಈ ಸಲ ಗೋಡೆಯ ಕಡೆ ಅಲ್ಲ, ಬಂದ್ರಾ, ಅನ್ನುತ್ತಾಳೆ, ಬಂದೆ, ಈಗ ಮುಕ್ಕರಿಸು ತಾಯಿ, ಈಗ, ಇನ್ನೊಂದು ಕಾಲು ಮಡಿಸಿಕೊಂಡಿತ್ತು, ಜಾರಿ ಬಂತು, ಸೊಂಟ, ಹೊಕ್ಕುಳು, ಬಳ್ಳಿ ಇನ್ನೂ ಮಿಡಿಯುತ್ತಿದೆ, ಬಿಸಿ ಬಟ್ಟೆಯಲ್ಲಿ ಸುತ್ತಿ ಬರಿದೇ ತಾಳಿಕೊಂಡಿದ್ದೇನೆ, ಕೈ ಎಳೆ ಎಳೆ ಅನ್ನುತ್ತದೆ, ಎಳೆಯುವುದಿಲ್ಲ, ಒಂದು ತೋಳು, ಮತ್ತೊಂದು, ಈಗ ತಲೆ, ಮುಂಗೈ ಮೇಲೆ ಮಲಗಿಸಿಕೊಂಡು, ಬಾಯಿಯ ಹತ್ತಿರ ಬೆರಳು, ಗದ್ದ ಎದೆಗೆ ಒತ್ತಿ, ಮೆಲ್ಲಗೆ, ಮೆಲ್ಲಗೆ — ಬಂತು, ಸದ್ದಿಲ್ಲ, ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಸದ್ದಿಲ್ಲ, ಓಬಕ್ಕ ಉಸಿರು ಹಿಡಿದಿದ್ದಾಳೆ, ಅಂಗಾಲಿಗೆ ಬೆರಳಿಂದ ತಟ್ಟಿದೆ, ಮತ್ತೆ ತಟ್ಟಿದೆ, ಕಾಲು ಹಿಂದಕ್ಕೆ ಎಳೆದುಕೊಂಡಿತು, ಅಮ್ಮಾ, ತಾನಾಗಿ ಎಳೆದುಕೊಂಡಿತು, ಆಮೇಲೆ ಅಳು, ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಕೋಣೆ ತುಂಬ, ಹೆಣ್ಣು ಕಣಮ್ಮ, ಹೆಣ್ಣು, ಅಂತ ಓಬಕ್ಕ ಅಳುತ್ತಾ ನಗುತ್ತಾ ಸೊಸೆಯ ತಲೆಗೆ ತಲೆ ಹಚ್ಚಿದ್ದಾಳೆ, ಹೊರಗೆ ಜಗಲಿಯಿಂದ ಮಾವನವರು, ಸರ್ವೂ, ಅಳು ಕೇಳಿಸ್ತು, ಇಬ್ಬರೂ ಸರಿಯಾಗವ್ರಾ, ಅನ್ನುತ್ತಿದ್ದಾರೆ, ಇಬ್ಬರೂ ಸರಿಯಾಗಿದ್ದಾರೆ ಮಾವಯ್ಯ, ಅನ್ನುತ್ತೇನೆ, ನೀಲಿ ಹೋಗಿ ಕೆಂಪೇರುತ್ತಿರುವ ಆ ಅಂಗಾಲು ನನ್ನ ಅಂಗೈಯನ್ನು ಒದೆಯುತ್ತಿದೆ, ಇಷ್ಟಗಲ, ಸುಕ್ಕು ಸುಕ್ಕು, ಬಿಸಿ, ಒದೆಯುತ್ತಿದೆ, ಆ ಅಂಗಾಲು, ಒದೆಯುತ್ತಿದೆ, ಆ ಅಂಗಾಲು —